ಸ್ಟಾರ್ ಟ್ರೆಕ್ ನೆಕ್ಸ್ಟ್ ಜನರೇಶನ್, ಸೀಸನ್ 3 ಬ್ಲೂ-ರೇ: ಹಡಗು ನೋಡಲು ಕೊಂಡೆ, ಮುಖ ನೋಡುತ್ತಾ ಕೂತೆ

ಮೊದಲೇ ಹೇಳಿಬಿಡುತ್ತೇನೆ. ಎಂಟರ್‌ಪ್ರೈಸ್ ಅನ್ನುವ ಬಾಹ್ಯಾಕಾಶ ಹಡಗಿನವರ ಕಥೆಯಾದ ಈ ಟಿವಿ ಸರಣಿಯ ಏಳು ಸೀಸನ್ನುಗಳಲ್ಲಿ ಒಂದನ್ನು ಮಾತ್ರ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವುದಾದರೆ ಮೂರನೆಯದನ್ನು ಇಟ್ಟುಕೊಳ್ಳಿ. ಈ ಸೆಟ್ ನನ್ನ ಹತ್ತಿರ ಹಲವು ವರ್ಷಗಳಿಂದ ಇದೆ. ಮೊದಲಿಂದ ಕೊನೆಯವರೆಗೆ ಸಾಲಾಗಿ ನೋಡಿದ್ದೂ ಉಂಟು, ಮನಸ್ಸು ಬಂದ ಕಂತನ್ನು ಮಾತ್ರ ಹಾಕಿಕೊಂಡಿದ್ದೂ ಉಂಟು. ಡಬ್ಬ ಬಿಚ್ಚಿದ ವಾರದಲ್ಲಿ ಬರೆಯುವ ವಿಮರ್ಶೆಗಳಲ್ಲಿ ಚಿತ್ರ ಎಷ್ಟು ಸ್ಪಷ್ಟ ಅನ್ನುವುದೇ ಜಾಸ್ತಿ ಇರುತ್ತದೆ. ಅದೂ ಮುಖ್ಯವೇ. ಆದರೆ ಮತ್ತೆ ಮತ್ತೆ ನೋಡುವವರಿಗೆ ಆ ಸ್ಪಷ್ಟತೆ ಯಾವುದಕ್ಕೆ ಉಪಯೋಗಕ್ಕೆ ಬರುತ್ತದೆ ಅನ್ನೋದು ಬೇರೆ ಪ್ರಶ್ನೆ.

ಡಬ್ಬದಲ್ಲಿ ಇರುವುದು 6 ಡಿಸ್ಕ್, 26 ಕಂತು. ಅಮೆರಿಕದ ಟಿವಿಯಲ್ಲಿ 1989ರ ಸೆಪ್ಟೆಂಬರ್‌ನಿಂದ 1990ರ ಜೂನ್‌ವರೆಗೆ ಬಂದ ಸೀಸನ್ ಇದು. ಬ್ಲೂ-ರೇ ಬಂದಿದ್ದು 2013ರ ಏಪ್ರಿಲ್ ಕೊನೆಯಲ್ಲಿ.

ಈ ಚಿತ್ರ ಎಲ್ಲಿಂದ ಬಂತು ಅಂತ ತಿಳಿದರೆ ಡಿಸ್ಕ್‌ನ ಬೆಲೆ ಅರ್ಥವಾಗುತ್ತದೆ. ಸರಣಿಯನ್ನು ಶೂಟ್ ಮಾಡಿದ್ದು 35 ಎಂಎಂ ಫಿಲ್ಮ್‌ನಲ್ಲಿ. ಆದರೆ ಎಡಿಟಿಂಗ್, ಎಫೆಕ್ಟ್ಸ್ ಎಲ್ಲಾ ವಿಡಿಯೋ ಟೇಪ್ ಮೇಲೆ ನಡೆದವು. ಅಂದರೆ ಮುಗಿದ ಕಂತು ಟೇಪ್‌ನಲ್ಲಿ ಮಾತ್ರ ಇತ್ತು. ಹಳೆಯ ಡಿವಿಡಿ ಬಂದಿದ್ದು ಅದೇ ಟೇಪ್‌ನಿಂದ. ಮಂಜು ಹಿಡಿದ ಕನ್ನಡಿಯಲ್ಲಿ ನೋಡಿದ ಹಾಗೆ ಇತ್ತು ಅದು. ಎಷ್ಟು ದೊಡ್ಡ ಟಿವಿ ತಂದರೂ ಟೇಪ್‌ನಲ್ಲಿ ಇಲ್ಲದ್ದು ಬರುವುದಿಲ್ಲ ಅಲ್ವಾ? ಹಾಗಾಗಿ ಬ್ಲೂ-ರೇಗೆ ಅಂತ ಮೂಲ ನೆಗೆಟಿವ್‌ಗಳನ್ನೇ ಹುಡುಕಿ ತೆಗೆದರು. ಅವನ್ನು ಹೊಸದಾಗಿ ಸ್ಕ್ಯಾನ್ ಮಾಡಿ, ಹಳೆಯ ಎಡಿಟ್‌ಗೆ ಸರಿಯಾಗಿ ಒಂದೊಂದೇ ಶಾಟ್ ಜೋಡಿಸಿದರು. ಹಡಗಿನ ಮಾಡೆಲ್‌ಗಳನ್ನು ಫಿಲ್ಮ್‌ನಲ್ಲಿ ತೆಗೆದ ತುಣುಕುಗಳೂ ಉಳಿದಿದ್ದವು. ಅವನ್ನು ಒಂದರ ಮೇಲೊಂದು ಕೂರಿಸಿ ಎಫೆಕ್ಟ್ಸ್ ಮತ್ತೆ ಕಟ್ಟಿದರು. ಹಳೆಯ ವಿಡಿಯೋವನ್ನು ಸುಮ್ನೆ ಹಿಗ್ಗಿಸಿ ಎಚ್‌ಡಿ ಅಂತ ಹೆಸರು ಹಚ್ಚಿದ್ದಲ್ಲ. ಕಂತನ್ನು ಎರಡನೇ ಸಲ ತಯಾರಿಸಿದ್ದು ಅಂದರೂ ತಪ್ಪಿಲ್ಲ.

ನಾನು ಇದನ್ನು ಕೊಂಡಿದ್ದು ಹಡಗಿನ ಆಸೆಗೆ. ಈ ಸೀಸನ್ನಿನಲ್ಲಿ ಎಂಟರ್‌ಪ್ರೈಸ್‌ಗೆ ಹೊಸದೊಂದು 4 ಅಡಿ ಮಾಡೆಲ್ ಬಂತು. ಮೈಮೇಲಿನ ಫಲಕಗಳು ಎದ್ದು ಕಾಣುವ ಹಾಗೆ ಮಾಡಿದ್ದು. ಬ್ಲೂ-ರೇಯಲ್ಲಿ ಅದು ನಿಜಕ್ಕೂ ಚೆಂದ. ಆದರೆ ಹಡಗು ದಾಟಿ ಹೋಗುವ ಶಾಟ್ ಕೆಲವೇ ಸೆಕೆಂಡ್. ಕಂತಿನ ಉಳಿದ ಮುಕ್ಕಾಲು ಗಂಟೆ ಮನುಷ್ಯರದ್ದೇ. ಡಿಸ್ಕ್‌ಗೆ ಕೊಟ್ಟ ದುಡ್ಡು ವಸೂಲಾಗುವುದೂ ಅಲ್ಲೇ.

ಅದಕ್ಕೆ ಕಾರಣ ಮೈಕಲ್ ಪಿಲ್ಲರ್. ಮೊದಲ ಎರಡು ಸೀಸನ್ನುಗಳಲ್ಲಿ ಬರಹಗಾರರ ತಂಡ ನಿಲ್ಲುತ್ತಲೇ ಇರಲಿಲ್ಲ, ಬರುವವರು ಬರುತ್ತಿದ್ದರು, ಹೋಗುವವರು ಹೋಗುತ್ತಿದ್ದರು. ಮೂರನೇ ಸೀಸನ್ನಿನ ಶುರುವಿನಲ್ಲಿ ಪಿಲ್ಲರ್ ಬರವಣಿಗೆಯ ಹೊಣೆ ಹೊತ್ತರು. ಅವರ ನಿಯಮ ಸರಳ. ಗ್ರಹ ಯಾವುದಾದರೂ ಇರಲಿ, ಅತಿಥಿ ಯಾರಾದರೂ ಬರಲಿ, ಕಥೆ ನಮ್ಮ ಹಡಗಿನ ಒಬ್ಬರದ್ದಾಗಿರಬೇಕು. ಜೊತೆಗೆ ಹೊರಗಿನವರು ಕಳಿಸಿದ ಸ್ಕ್ರಿಪ್ಟ್‌ಗಳಿಗೂ ಬಾಗಿಲು ತೆರೆದರು. ರೊನಾಲ್ಡ್ ಮೂರ್ ಒಳಗೆ ಬಂದಿದ್ದು ಹಾಗೆ, 'ದ ಬಾಂಡಿಂಗ್' ಕಂತಿನ ಮೂಲಕ. ಹಡಗಿನಲ್ಲಿ ತಾಯಿಯ ಜೊತೆ ಇರುವ ಒಬ್ಬ ಹುಡುಗ. ತಾಯಿ ಕೆಲಸದ ಮೇಲೆ ಕೆಳಗೆ ಹೋದವಳು ವಾಪಸ್ ಬರುವುದಿಲ್ಲ. ಕಂತಿನ ತುಂಬಾ ಆ ಹುಡುಗನ ಹಟಮಾರಿ ಮೌನವೇ ಇದೆ. ಮುಂದೆ ಇದೇ ಮೂರ್ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ'ವನ್ನು ಹೊಸದಾಗಿ ಕಟ್ಟಿದರು.

ಈಗ 'ಸಾರೆಕ್' ಕಂತಿಗೆ ಬರೋಣ. ಈ ಡಿಸ್ಕ್‌ಗಳಲ್ಲಿ ನಾನು ಹೆಚ್ಚು ಸಲ ಹಾಕಿರುವುದು ಇದನ್ನೇ. ಭಾವನೆ ತೋರಿಸದ ವಲ್ಕನ್ ಅನ್ನುವ ಅನ್ಯಗ್ರಹದವರ ರಾಯಭಾರಿ ಸಾರೆಕ್‌ಗೆ ಮುಪ್ಪಿನಲ್ಲಿ ಒಂದು ಕಾಯಿಲೆ. ಜೀವನವಿಡೀ ಅದುಮಿಟ್ಟ ಭಾವನೆಗಳು ಕೈಮೀರಿ ಹೊರಬರುತ್ತಿವೆ. ಮುಖ್ಯವಾದ ಮಾತುಕತೆಯೊಂದನ್ನು ಅವನು ಮುಗಿಸಿಕೊಡಬೇಕು. ಆ ಹೊತ್ತಿಗೆ ಮಾತ್ರ ಅವನ ಭಾರವನ್ನು ಎಂಟರ್‌ಪ್ರೈಸ್‌ನ ಕ್ಯಾಪ್ಟನ್ ಪಿಕಾರ್ಡ್, ಮನಸ್ಸಿಗೆ ಮನಸ್ಸು ಬೆಸೆದು, ತನ್ನ ತಲೆಗೆ ತೆಗೆದುಕೊಳ್ಳುತ್ತಾನೆ. ಆಮೇಲಿನ ದೃಶ್ಯದಲ್ಲಿ ಏನೂ ಇಲ್ಲ. ಒಂದು ಕೋಣೆ, ಪಕ್ಕದಲ್ಲಿ ಡಾಕ್ಟರ್ ಕ್ರಷರ್, ಮತ್ತೆ ಪಿಕಾರ್ಡ್ ಆಗಿರುವ ಪ್ಯಾಟ್ರಿಕ್ ಸ್ಟೀವರ್ಟ್ ಮುಖ. ಅಳು, ಸಿಟ್ಟು, ಸಾರೆಕ್ ತನ್ನ ಹೆಂಡತಿ ಮಗನಿಗೆ ಹೇಳದೇ ಉಳಿದ ಮಾತು, ಎಲ್ಲಾ ಒಂದೇ ಉಸಿರಿಗೆ ಬರುತ್ತವೆ. ಡಿವಿಡಿಯಲ್ಲಿ ಇದು ಒಳ್ಳೆಯ ನಟನೆ ಅಂತ ಗೊತ್ತಾಗುತ್ತಿತ್ತು. ಬ್ಲೂ-ರೇಯಲ್ಲಿ ಹಣೆಯ ನರ, ಕಣ್ಣಂಚಿನ ಕೆಂಪು, ತುಟಿ ಸಂಭಾಳಿಸಲು ಹೋಗಿ ಸೋಲುವುದು, ಎಲ್ಲಾ ಕಾಣುತ್ತದೆ. ಸಾರೆಕ್ ಆಗಿರುವ ಮಾರ್ಕ್ ಲೆನಾರ್ಡ್ 1967ರಲ್ಲಿ ಮೊದಲ ಸ್ಟಾರ್ ಟ್ರೆಕ್ ಸರಣಿಯಲ್ಲೂ ಇದೇ ಪಾತ್ರ ಮಾಡಿದ್ದವರು. ಸಂಗೀತ ಕೇಳುತ್ತಾ ಕೂತಾಗ ಅವರ ಕೆನ್ನೆ ಮೇಲೆ ಒಂದು ಹನಿ ಜಾರುತ್ತದಲ್ಲ, ಅದಕ್ಕಾಗಿಯೇ ದೊಡ್ಡ ಪರದೆ ಬೇಕು.

'ದ ಆಫ್‌ಸ್ಪ್ರಿಂಗ್' ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹಡಗಿನಲ್ಲಿ ಕ್ಯಾಪ್ಟನ್ ನಂತರದ ಅಧಿಕಾರಿ ರೈಕರ್ ಪಾತ್ರದ ಜೊನಾಥನ್ ಫ್ರೇಕ್ಸ್ ಮೊದಲ ಸಲ ನಿರ್ದೇಶಿಸಿದ ಕಂತು. ಹಡಗಿನ ಅಧಿಕಾರಿಯಾದ ಆಂಡ್ರಾಯ್ಡ್ (ಮನುಷ್ಯರೂಪದ ಯಂತ್ರ) ಡೇಟಾ ತನಗೊಬ್ಬ ಮಗಳನ್ನು ತಯಾರಿಸಿಕೊಳ್ಳುತ್ತಾನೆ. ಅವಳನ್ನು ತನ್ನ ವಶಕ್ಕೆ ತಗೊಳ್ಳಲು ಒಬ್ಬ ಅಡ್ಮಿರಲ್ ಬರುತ್ತಾನೆ. (ಕಥೆ ಗೊತ್ತಿಲ್ಲದವರು ಈ ಪ್ಯಾರಾ ಬಿಟ್ಟುಬಿಡಿ.) ಕೊನೆಗೆ ಮಗಳ ಮೆದುಳು ಕೈಕೊಡುತ್ತದೆ. ಅವಳನ್ನು ಉಳಿಸಲು ಡೇಟಾ ಪಟ್ಟ ಪಾಡನ್ನು ನಮಗೆ ತೋರಿಸುವುದೇ ಇಲ್ಲ. ಅಷ್ಟು ಹೊತ್ತು ಖಳನ ಹಾಗಿದ್ದ ಅಡ್ಮಿರಲ್ ಹೊರಗೆ ಬಂದು, ಡೇಟಾನ ಕೈಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಓಡಾಡಿದವು ಅಂತ ಹೇಳುತ್ತಾನೆ. ಕ್ಯಾಮೆರಾ ಅವನ ಮುಖದ ಮೇಲಿದೆ. ಅಧಿಕಾರಿಯ ಗತ್ತು ಇಳಿದುಹೋಗಿ ಮುದುಕನೊಬ್ಬ ಉಳಿದಿದ್ದಾನೆ. ಇನ್ನು ಡೇಟಾ ಮುಖ. ಬ್ರೆಂಟ್ ಸ್ಪೈನರ್‌ಗೆ ಹಚ್ಚಿದ ಆ ತಿಳಿ ಬಂಗಾರದ ಬಣ್ಣ ಹಳೆಯ ಡಿಸ್ಕ್‌ನಲ್ಲಿ ಒಂದೇ ಪಟ್ಟಾಗಿ ಕಾಣುತ್ತಿತ್ತು. ಇಲ್ಲಿ ಬಣ್ಣದ ಅಡಿಯ ಚರ್ಮ ಕಾಣುತ್ತದೆ. ಏನೂ ಅನಿಸುವುದಿಲ್ಲ ಅನ್ನುವವನ ಮುಖದಲ್ಲಿ ಏನೋ ಇದೆಯಾ ಅಂತ ಹುಡುಕುತ್ತಾ ಕೂರುತ್ತೀರಿ.

'ಯೆಸ್ಟರ್‌ಡೇಸ್ ಎಂಟರ್‌ಪ್ರೈಸ್' ಎಲ್ಲರೂ ಹೊಗಳುವ ಕಂತು. ಹೊಗಳಿಕೆ ಸರಿಯಾಗೇ ಇದೆ. ಹಳೆಯ ಹಡಗೊಂದು ಕಾಲ ದಾಟಿ ಬಂದ ಕೂಡಲೇ ಇತಿಹಾಸವೇ ಬದಲಾಗುತ್ತದೆ, ನಮ್ಮ ಎಂಟರ್‌ಪ್ರೈಸ್ ಯುದ್ಧನೌಕೆ ಆಗಿಬಿಡುತ್ತದೆ. ಮೊದಲ ಸೀಸನ್ನಿನಲ್ಲೇ ಸತ್ತ ಭದ್ರತಾ ಅಧಿಕಾರಿ ತಾಷಾ ಯಾರ್ ಏನೂ ಆಗದವಳಂತೆ ತನ್ನ ಜಾಗದಲ್ಲಿ ನಿಂತಿರುತ್ತಾಳೆ. ಬ್ರಿಜ್‌ನ (ಹಡಗು ನಡೆಸುವ ಕೋಣೆಯ) ಬೆಳಕು ಕತ್ತಲೆಗೆ, ನೀಲಿಗೆ ತಿರುಗುತ್ತದೆ. ಸ್ಟ್ರೀಮಿಂಗ್‌ನಲ್ಲಿ ನೋಡಿದವರು ಡಿಸ್ಕ್ ಯಾಕೆ ಬೇಕು ಅಂತ ಕೇಳಿದರೆ ನಾನು ಈ ಕಂತನ್ನು ತೋರಿಸುತ್ತೇನೆ. ಸ್ಟ್ರೀಮಿಂಗ್‌ನಲ್ಲಿ ಡೇಟಾ ಉಳಿಸಲು ಚಿತ್ರವನ್ನು ಜಾಸ್ತಿ ಹಿಂಡುತ್ತಾರೆ (ಆ ಡೇಟಾ ಬೇರೆ, ಈ ಡೇಟಾ ಬೇರೆ). ಕತ್ತಲ ಮೂಲೆಗಳು ಚೌಕಚೌಕವಾಗಿ ಒಡೆಯುತ್ತವೆ. ಬ್ಲೂ-ರೇಯಲ್ಲಿ ವಿಡಿಯೋಗೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೂ ಜಾಗ ಇರುತ್ತದೆ. ಯುದ್ಧ ಸೋಲುತ್ತಿದ್ದೇವೆ ಅಂತ ಪಿಕಾರ್ಡ್ ಹಳೆಯ ಹಡಗಿನ ಕ್ಯಾಪ್ಟನ್‌ಗೆ ಮೆಲ್ಲಗೆ ಹೇಳುವಾಗ ಅವನ ಅರ್ಧ ಮುಖ ನೆರಳಲ್ಲಿದ್ದರೂ ಕಣ್ಣು ಕಾಣುತ್ತದೆ.

ಎಲ್ಲಾ ಕಂತೂ ಹೀಗೇ ಅಂತಲ್ಲ. 'ಮೆನಾಜ್ ಅ ಟ್ರಾಯ್' ನನಗೆ ಸೇರುವುದಿಲ್ಲ. 'ದ ಪ್ರೈಸ್' ಸಪ್ಪೆ. 'ದ ಹೈ ಗ್ರೌಂಡ್' ತೀರಾ ಉಪದೇಶ. ಅದರಲ್ಲಿ ಡೇಟಾ ಐರ್ಲೆಂಡ್ 2024ರಲ್ಲಿ ಒಂದಾಯಿತು ಅನ್ನುತ್ತಾನೆ. ಉತ್ತರ ಐರ್ಲೆಂಡಿನ ಗಲಭೆ ಆಗಿನ್ನೂ ನಡೆಯುತ್ತಿದ್ದರಿಂದ, ಆ ಒಂದು ಸಾಲಿನಿಂದ ಬ್ರಿಟನ್ನಿನಲ್ಲಿ ಕಂತಿನ ಪ್ರಸಾರಕ್ಕೇ ತೊಡಕಾಯಿತು. 2024 ಬಂದೂ ಹೋಯಿತು! 'ಹಾಲೋ ಪರ್ಸೂಟ್ಸ್' ಮಾತ್ರ ಬಿಡಬೇಡಿ. ನಾಚಿಕೆ ಸ್ವಭಾವದ ಎಂಜಿನಿಯರ್ ಬಾರ್ಕ್ಲೆ, ಅವನಿಗೆ ಬೆನ್ನ ಹಿಂದೆ ಇಟ್ಟ ಅಡ್ಡಹೆಸರು ಬ್ರೊಕೋಲಿ. ಕ್ಯಾಪ್ಟನ್ನೇ ಬಾಯಿ ತಪ್ಪಿ ಅದೇ ಹೆಸರಲ್ಲಿ ಕರೆದುಬಿಡುತ್ತಾನೆ. ಆ ಕ್ಷಣದ ಪಿಕಾರ್ಡ್ ಮುಖ ನೋಡಲು ಪಾಜ್ ಬಟನ್ ಒತ್ತದವರು ಕಡಿಮೆ.

ಸ್ಪಷ್ಟತೆಗೆ ಇನ್ನೊಂದು ಮುಖವೂ ಇದೆ. ಅನ್ಯಗ್ರಹದ ಅಧಿಕಾರಿ ವಾರ್ಫ್‌ನ ಹಣೆ ಎಲ್ಲಿ ರಬ್ಬರ್, ಎಲ್ಲಿ ಚರ್ಮ ಅಂತ ಕೆಲವು ಕಡೆ ಗೊತ್ತಾಗುತ್ತದೆ. ಗುಹೆಯ ಬಂಡೆ ಸ್ಟುಡಿಯೋ ಬಂಡೆ ಅಂತ ಅದೇ ಹೇಳಿಬಿಡುತ್ತದೆ. ಹೊರಾಂಗಣದಲ್ಲಿ, ಕ್ಯಾಲಿಫೋರ್ನಿಯಾದ ವಾಸ್ಕೆಜ್ ರಾಕ್ಸ್‌ನಲ್ಲಿ ತೆಗೆದ 'ಹೂ ವಾಚಸ್ ದ ವಾಚರ್ಸ್' ಮಾತ್ರ ಇದರಿಂದ ಗೆದ್ದಿದೆ. ಸಮವಸ್ತ್ರದ ಹೊಲಿಗೆಯೂ ಎಣಿಸಬಹುದು. ಹಿಂದಿನ ಸೀಸನ್ನುಗಳ ಮೈಗಂಟಿದ ಸ್ಪ್ಯಾಂಡೆಕ್ಸ್ ನಟರ ಬೆನ್ನುನೋವಿಗೆ ಕಾರಣವಾಗಿತ್ತು. ಈ ಸೀಸನ್ನಿನಿಂದ ಕಾಲರ್ ಇರುವ ಉಣ್ಣೆ ಬಟ್ಟೆ ಬಂತು. ಚಿತ್ರದ ಮೇಲೆ ಫಿಲ್ಮ್‌ನ ಸಣ್ಣ ಕಾಳು ಇದೆ, ಅದು ದೋಷ ಅಲ್ಲ. ಅಕ್ಕಪಕ್ಕ ಕಪ್ಪು ಪಟ್ಟಿ ಬರುವುದೂ ಅಷ್ಟೇ, ಕಾರ್ಯಕ್ರಮ ಇದ್ದಿದ್ದೇ ಹಳೆಯ ಟಿವಿಗಳ 4:3 ಅಳತೆಯಲ್ಲಿ. ಟಿವಿಯಲ್ಲಿ ಹಿಗ್ಗಿಸಿ ನೋಡಿದರೆ ಹೇಳಿದ ಮುಖಗಳೆಲ್ಲಾ ಅಗಲವಾಗುತ್ತವೆ, ದಯವಿಟ್ಟು ಬೇಡ. ಸೌಂಡ್ 7.1, ಅಂದರೆ ಸುತ್ತಲೂ ಸ್ಪೀಕರ್ ಇಟ್ಟು ಕೇಳುವಂಥದ್ದು. ಎಂಜಿನ್ನಿನ ಗುಂಯ್ ಹಿಂದಿನಿಂದ ಬರುತ್ತದೆ, ಮಾತು ಮುಂದೆ ಸ್ಪಷ್ಟವಾಗಿರುತ್ತದೆ.

ವರ್ಷಗಟ್ಟಲೆ ಬಳಸಿದ ಮೇಲಿನ ದೂರುಗಳು: ಡಬ್ಬದೊಳಗಿನ ಪ್ಲಾಸ್ಟಿಕ್ ಹಾಳೆಗಳ ಕೀಲು ನಾಜೂಕು. ನನ್ನದರಲ್ಲಿ ಒಂದು ಸಡಿಲವಾಗಿ, ಡಿಸ್ಕ್ ಒಳಗೇ ಅಲ್ಲಾಡಿಕೊಂಡು ಗೀರು ಬಿದ್ದಿದೆ. ಓಡುತ್ತದೆ, ಆದರೆ ಈಗ ಡಿಸ್ಕ್‌ಗಳನ್ನು ಬೇರೆ ಕವರ್‌ಗಳಲ್ಲಿ ಇಟ್ಟಿದ್ದೇನೆ. ನೀವೂ ಮೊದಲ ದಿನವೇ ಹಾಗೆ ಮಾಡಿ. ಡಿಸ್ಕ್ ಹಾಕಿದರೆ ಎಚ್ಚರಿಕೆಯ ಪುಟಗಳು, ಲೋಗೋ, ಮೆನು ಅನಿಮೇಶನ್ ಎಲ್ಲಾ ಮುಗಿಯುವವರೆಗೆ ಕಾಯಬೇಕು. ನಡುವೆ ನಿಲ್ಲಿಸಿ ಡಿಸ್ಕ್ ತೆಗೆದರೆ ನನ್ನ ಪ್ಲೇಯರ್ ಆ ಜಾಗ ಮರೆಯುತ್ತದೆ, ಮತ್ತೆ ಹುಡುಕಿಕೊಂಡು ಹೋಗಬೇಕು. ಹಡಗಿನ ಕಂಪ್ಯೂಟರ್ ಪರದೆಯ ಥರ ಇರುವ ಮೆನು ಮೊದಮೊದಲು ಖುಷಿ ಕೊಡುತ್ತದೆ, ಆಮೇಲೆ ತಾಳ್ಮೆ ಪರೀಕ್ಷೆ.

ಎಕ್ಸ್‌ಟ್ರಾಗಳಲ್ಲಿ ಹಲವನ್ನು ಒಂದು ಸಲ ನೋಡಿದರೆ ಸಾಕು. ಎರಡು ವಿಷಯ ಮಾತ್ರ ಮತ್ತೆ ನೋಡುವಂಥವು. ಒಂದು, 'ಫ್ಯಾಮಿಲಿ ಗೈ' ಕಾರ್ಟೂನ್ ಮಾಡಿದ ಸೆತ್ ಮ್ಯಾಕ್‌ಫಾರ್ಲೇನ್ ನಡೆಸಿಕೊಡುವ ಬರಹಗಾರರ ಹರಟೆ. ರೊನಾಲ್ಡ್ ಮೂರ್, ಬ್ರಾನನ್ ಬ್ರಾಗಾ, ರೆನೆ ಎಚೆವರಿಯಾ, ನರೇನ್ ಶಂಕರ್ ಮೇಜಿನ ಸುತ್ತ ಕೂತು ಮಾತಾಡುತ್ತಾರೆ. ಇನ್ನೊಂದು, 2005ರಲ್ಲಿ ತೀರಿಕೊಂಡ ಪಿಲ್ಲರ್ ಅವರ ನೆನಪಿನ ಕಿರುಚಿತ್ರ.

ಪಿಲ್ಲರ್ ವಿಷಯ ತಿಳಿದ ಮೇಲೆ ಸೀಸನ್ನಿನ ಕೊನೆಯ ಕಂತು 'ದ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್' ಬೇರೆಯೇ ಥರ ಕಾಣುತ್ತದೆ. ಅರ್ಧ ಯಂತ್ರ, ಅರ್ಧ ಜೀವಿಗಳಾದ ಬೋರ್ಗ್ ಅನ್ನುವ ಶತ್ರುಗಳ ದಾಳಿ ಹೊರಗಿನ ಕಥೆ. ಒಳಗಿನದ್ದು, ಬೇರೆ ಹಡಗಿನ ನಾಯಕತ್ವ ಕೈಗೆ ಬಂದರೂ ಇಲ್ಲೇ ಇರಬೇಕಾ, ಹೋಗಬೇಕಾ ಅನ್ನುವ ರೈಕರ್‌ನ ಗೊಂದಲ. ಅದನ್ನು ಬರೆಯುವಾಗ ಪಿಲ್ಲರ್ ಅವರಿಗೂ ಸರಣಿ ಬಿಡಬೇಕಾ ಅನ್ನುವ ಪ್ರಶ್ನೆ ಎದುರಿಗಿತ್ತು. ಎರಡನೇ ಭಾಗದಲ್ಲಿ ಏನಾಗುತ್ತದೆ ಅಂತ ಅವರಿಗೇ ಗೊತ್ತಿರಲಿಲ್ಲ. ಕೊನೆಯಲ್ಲಿ ರೈಕರ್ ಮುಖ ಹತ್ತಿರ ಬರುತ್ತದೆ, ರಾನ್ ಜೋನ್ಸ್ ಸಂಗೀತ ಏರುತ್ತದೆ, ಅವನು ಆಜ್ಞೆ ಕೊಡುತ್ತಾನೆ. ಅಷ್ಟಕ್ಕೆ ಕಂತು, ಸೀಸನ್, ಡಬ್ಬ ಮೂರೂ ಖಾಲಿ.

ಎರಡನೇ ಭಾಗ ಈ ಸೆಟ್ಟಿನಲ್ಲಿ ಇಲ್ಲ, ಅದು ನಾಲ್ಕನೇ ಸೀಸನ್ನಿನ ಮೊದಲ ಕಂತು. ಎರಡನ್ನೂ ಜೋಡಿಸಿದ ಬೇರೆ ಬ್ಲೂ-ರೇ ಇದೇ ಸೆಟ್ ಜೊತೆ ಅದೇ ದಿನ ಬಿಡುಗಡೆಯಾಗಿತ್ತು. 1990ರಲ್ಲಿ ಜನ ಒಂದು ಬೇಸಿಗೆಯಿಡೀ ಕಾದಿದ್ದರಂತೆ. ನಿಮಗೆ ಆ ತಾಳ್ಮೆ ಇಲ್ಲದಿದ್ದರೆ, ಆರನೇ ಡಿಸ್ಕ್ ಹಾಕುವ ಮುಂಚೆ ಅದನ್ನೋ ನಾಲ್ಕನೇ ಸೀಸನ್ನನ್ನೋ ತರಿಸಿಟ್ಟುಕೊಳ್ಳಿ.