ಆರ್‌ಎಕ್ಸ್8ಆರ್ ಜೊತೆ ಎಕ್ಸ್‌ಎಂ ಪ್ಲಸ್: ಎರಡನೇ ರಿಸೀವರ್ ಎಲ್ಲಿ ಕಾಯುತ್ತದೆ, ಎಲ್ಲಿ ಕಾಯುವುದಿಲ್ಲ

ಉಡುಪಿ, ಮಂಗಳೂರು ಕಡೆ ಮಾಡೆಲ್ ವಿಮಾನ ಹಾರಿಸಲು ಒಳ್ಳೆಯ ಜಾಗ ಎಂದರೆ ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲು ಮುಗಿದ ಬೈಲು. ಆದರೆ ಬೈಲಿನ ಸುತ್ತ ತೆಂಗು, ಅಡಿಕೆ ತೋಟ. ವಿಮಾನ ತಗ್ಗಿ ತೋಟದ ಅಂಚಿಗೆ ಹೋದರೆ ಹಸಿ ಸೋಗೆ ಟ್ರಾನ್ಸ್‌ಮಿಟರಿನ (ಕೈಯಲ್ಲಿರುವ ರಿಮೋಟಿನ) 2.4 ಗಿಗಾಹರ್ಟ್ಸ್ ಸಿಗ್ನಲನ್ನು ಹೀರುತ್ತದೆ. ಅದೇ ಹೊತ್ತಿಗೆ ಬ್ಯಾಟರಿಯೋ ಮೋಟರೋ ಆಂಟೆನಾಕ್ಕೆ ಅಡ್ಡ ಬಂದರೆ ಲಿಂಕ್ ಹೋಯಿತೆಂದೇ ಲೆಕ್ಕ. ಎಫ್ಆರ್‌ಸ್ಕೈ ಕಂಪನಿಯ ಈ ಜೋಡಿ, ಅಂದರೆ ವಿಮಾನದೊಳಗೆ ಸಿಗ್ನಲ್ ಹಿಡಿಯುವ ಮುಖ್ಯ ರಿಸೀವರ್ ಆರ್‌ಎಕ್ಸ್8ಆರ್ ಮತ್ತು ಅದರ ಬೆಂಬಲಕ್ಕಿರುವ ಪುಟ್ಟ ರಿಸೀವರ್ ಎಕ್ಸ್‌ಎಂ ಪ್ಲಸ್, ಪರಿಹಾರ ಕೊಡುವುದು ಇಂಥ ಮರೆಗೆ, ಮತ್ತು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಆರ್‌ಎಕ್ಸ್8ಆರ್‌ನಲ್ಲಿ 8 ಸರ್ವೋ (ರಡ್ಡರ್‌ನಂಥ ಭಾಗಗಳನ್ನು ಆಡಿಸುವ ಪುಟ್ಟ ಮೋಟರ್) ಪೋರ್ಟ್‌ಗಳ ಜೊತೆಗೆ 'ಎಸ್‌ಬಸ್ ಇನ್' ಎಂಬ ಪೋರ್ಟ್ ಇದೆ. ಎಸ್‌ಬಸ್ ಎಂದರೆ ಎಲ್ಲ ಚಾನೆಲ್‌ಗಳನ್ನು, ಅಂದರೆ ಒಂದೊಂದು ಸರ್ವೋದ ಆದೇಶವನ್ನು, ಒಂದೇ ತಂತಿಯಲ್ಲಿ ಸಾಗಿಸುವ ವ್ಯವಸ್ಥೆ. ಎಕ್ಸ್‌ಎಂ ಪ್ಲಸ್‌ನ ಎಸ್‌ಬಸ್ ಔಟ್ ತಂತಿ ಅಲ್ಲಿಗೆ ಬರಬೇಕು. ಮುಖ್ಯ ರಿಸೀವರ್ ಸಿಗ್ನಲ್ ಕಳೆದುಕೊಂಡು ಫೇಲ್‌ಸೇಫ್‌ಗೆ ಹೋದ ಕೂಡಲೇ ಆ ತಂತಿಯಲ್ಲಿ ಬರುತ್ತಿರುವ ಚಾನೆಲ್‌ಗಳು ಸರ್ವೋಗಳಿಗೆ ಹೋಗುತ್ತವೆ. ಎಕ್ಸ್‌ಎಂ ಪ್ಲಸ್‌ನ ತೂಕ ಬರೀ 1.6 ಗ್ರಾಂ, ಅದಕ್ಕೆ ಟೆಲಿಮೆಟ್ರಿಯೂ (ವಿಮಾನದಿಂದ ಟ್ರಾನ್ಸ್‌ಮಿಟರಿಗೆ ಮರಳಿ ಬರುವ ಮಾಹಿತಿ) ಇಲ್ಲ. ಇದು ಕೊರತೆಯಲ್ಲ, ಇಲ್ಲಿ ಬೇಕಾದದ್ದೇ ಅದು: ಒಂದೇ ಟ್ರಾನ್ಸ್‌ಮಿಟರಿಗೆ ಎರಡು ರಿಸೀವರ್ ಟೆಲಿಮೆಟ್ರಿ ಕಳಿಸಿದರೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಎರಡನೇ ರಿಸೀವರಾಗಿ ಎಕ್ಸ್‌ಎಂ ಪ್ಲಸ್ ಬಿಟ್ಟು ಬೇರೆಯದನ್ನು ಹಾಕುವವರು ಅದನ್ನು ಟೆಲಿಮೆಟ್ರಿ ಆಫ್ ಇಟ್ಟೇ ಬೈಂಡ್ ಮಾಡಬೇಕು, ಅಂದರೆ ಟ್ರಾನ್ಸ್‌ಮಿಟರಿಗೆ ಜೋಡಿಸಬೇಕು.

ಎರಡನ್ನೂ ಟ್ರಾನ್ಸ್‌ಮಿಟರಿನ ಒಂದೇ ಮಾಡೆಲ್ ಸೆಟ್ಟಿಂಗ್‌ನಲ್ಲಿ, ಒಂದೇ ರಿಸೀವರ್ ನಂಬರಿಗೆ ಬೈಂಡ್ ಮಾಡಿ. ಬೈಂಡ್ ಆಗದಿದ್ದರೆ ಮೊದಲು ಫರ್ಮ್‌ವೇರ್ ನೋಡಿ. ಈ ರಿಸೀವರ್‌ಗಳು ಬಳಸುವ ರೇಡಿಯೋ ಪದ್ಧತಿ ಡಿ16ರ 1.x ಮತ್ತು 2.x ಆವೃತ್ತಿಗಳು ಪರಸ್ಪರ ಮಾತಾಡುವುದಿಲ್ಲ. ಎಫ್‌ಸಿಸಿ (ಅಮೆರಿಕದ ನಿಯಮದ) ಮತ್ತು ಎಲ್‌ಬಿಟಿ (ಯುರೋಪಿನ ನಿಯಮದ) ಆವೃತ್ತಿಗಳೂ ಅಷ್ಟೆ. ಟ್ರಾನ್ಸ್‌ಮಿಟರ್, ಎರಡು ರಿಸೀವರ್, ಮೂರೂ ಹೊಂದಬೇಕು.

ಆಂಟೆನಾ ಇಡುವ ಜಾಗದಲ್ಲೇ ಅರ್ಧ ಫಲ ಅಡಗಿದೆ. ಎರಡು ರಿಸೀವರನ್ನೂ ಅಕ್ಕಪಕ್ಕ ಅಂಟಿಸಿದರೆ ಒಂದರ ಮರೆಯೇ ಇನ್ನೊಂದರ ಮರೆ, ದುಡ್ಡು ದಂಡ. ಎಕ್ಸ್‌ಎಂ ಪ್ಲಸ್ ಬಾಲದ ಕಡೆ ಅಥವಾ ರೆಕ್ಕೆಯಲ್ಲಿರಲಿ. ಆಂಟೆನಾದ ತುದಿಯ ಸುಮಾರು 31 ಮಿ.ಮೀ. ಬರಿ ತಂತಿಯೇ ಸಿಗ್ನಲ್ ಹಿಡಿಯುವ ಭಾಗ. ಅದು ನೇರವಾಗಿರಲಿ, ಜೋಡಿ ತಂತಿಗಳ ನಡುವೆ 90 ಡಿಗ್ರಿ ಇರಲಿ, ಕಾರ್ಬನ್ ಫೈಬರ್‌ನಿಂದ ದೂರವಿರಲಿ.

ಇನ್ನು ಪವರ್. ಎಕ್ಸ್‌ಎಂ ಪ್ಲಸ್‌ಗೆ ಕರೆಂಟ್ ಬರುವುದೂ ಅದೇ ಎಸ್‌ಬಸ್ ತಂತಿಯಿಂದ, ಅಂದರೆ ಅದೇ ಬಿಇಸಿಯಿಂದ (ವಿಮಾನದ ಬ್ಯಾಟರಿಯ ವೋಲ್ಟೇಜ್ ಇಳಿಸಿ ರಿಸೀವರ್, ಸರ್ವೋಗಳಿಗೆ ಕೊಡುವ ಸರ್ಕ್ಯೂಟ್). ಬಿಇಸಿ ಕೈಕೊಟ್ಟರೆ ಎರಡೂ ಒಟ್ಟಿಗೆ ಸಾಯುತ್ತವೆ. ಎರಡನೇ ರಿಸೀವರಿಗೆ ಪ್ರತ್ಯೇಕ ಬ್ಯಾಟರಿ ಕೊಟ್ಟರೂ ಲಾಭವಿಲ್ಲ, ಸರ್ವೋಗಳೆಲ್ಲ ಆರ್‌ಎಕ್ಸ್8ಆರ್ ಮೇಲೇ ನೇತಾಡುತ್ತಿವೆಯಲ್ಲ! ಈ ಕರಾವಳಿಯಲ್ಲಿ ಅದಕ್ಕೂ ದೊಡ್ಡ ಶತ್ರು ಉಪ್ಪುಗಾಳಿ. ಮಲ್ಪೆ, ಪಣಂಬೂರು ಹತ್ತಿರ ಹಾರಿಸುವವರ ಪ್ಲಗ್ ಪಿನ್‌ಗಳಿಗೆ ಬೇಗ ಕಿಲುಬು ಹಿಡಿಯುತ್ತದೆ. ಕಿಲುಬಿನಿಂದ ರೆಸಿಸ್ಟೆನ್ಸ್ ಏರಿ, ಸರ್ವೋಗಳು ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಮಳೆಗಾಲ ಕಳೆದು ಪೆಟ್ಟಿಗೆಯಿಂದ ತೆಗೆದ ಕೂಡಲೇ ಪಿನ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆಯಿರಿ. ಆಮೇಲೆ ಎಲ್ಲ ಸರ್ವೋ ಒಮ್ಮೆಲೇ ಆಡಿಸಿ ಟೆಲಿಮೆಟ್ರಿಯಲ್ಲಿ ಆರ್‌ಎಕ್ಸ್‌ಬಿಟಿ ಎಂಬ ಅಂಕಿ, ಅಂದರೆ ರಿಸೀವರಿಗೆ ಸಿಗುತ್ತಿರುವ ವೋಲ್ಟೇಜ್ ನೋಡಿ. 5 ವೋಲ್ಟ್ ಬಿಇಸಿಯಲ್ಲಿ ಅದು 4.5ಕ್ಕಿಂತ ಇಳಿದರೆ ಹಾರಿಸಬೇಡಿ.

ಪರೀಕ್ಷೆ ನೆಲದ ಮೇಲೇ ಆಗಲಿ, ಪ್ರೊಪೆಲ್ಲರ್ ಬಿಚ್ಚಿಟ್ಟು. ಆರ್‌ಎಕ್ಸ್8ಆರ್‌ನ ಆಂಟೆನಾಗಳಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಟ್ರಾನ್ಸ್‌ಮಿಟರನ್ನು ರೇಂಜ್ ಮೋಡ್‌ಗೆ (ಪರೀಕ್ಷೆಗಾಗಿ ಸಿಗ್ನಲ್ ಶಕ್ತಿ ತಗ್ಗಿಸುವ ಮೋಡ್) ಹಾಕಿ ಹಿಂದೆ ಸರಿಯುತ್ತ ಹೋಗಿ. ಒಂದು ಹಂತದಲ್ಲಿ 'ಟೆಲಿಮೆಟ್ರಿ ಲಾಸ್ಟ್' ಎಂದು ಕೇಳಿಸುತ್ತದೆ, ಆದರೂ ಸ್ಟಿಕ್ ಆಡಿಸಿದಂತೆ ರಡ್ಡರ್ (ಬಾಲದ ಚುಕ್ಕಾಣಿ) ಆಡುತ್ತಿರಬೇಕು. ಆಡಿದರೆ ಎಕ್ಸ್‌ಎಂ ಪ್ಲಸ್ ಕೆಲಸ ವಹಿಸಿಕೊಂಡಿದೆ ಎಂದರ್ಥ. ಗಾಳಿಯಲ್ಲಿ ಇದೇ ದನಿ ಕೇಳಿದರೆ ಕಂಟ್ರೋಲ್ ಇದೆಯಲ್ಲ ಎಂದು ಇನ್ನೊಂದು ಸುತ್ತು ಹೊಡೆಯಬೇಡಿ, ನೇರ ಇಳಿಸಿ.

2 ಮೀಟರಿನೊಳಗಿನ ರೆಕ್ಕೆಯ ವಿಮಾನಕ್ಕೆ ಈ ಜೋಡಿ ಸಾಕು. ದೊಡ್ಡ ಪೆಟ್ರೋಲ್ ವಿಮಾನಕ್ಕೆ ಸಾಲದು. ಅಲ್ಲಿ ಎರಡು ಪೂರ್ಣ ರಿಸೀವರ್, ಎರಡು ಬ್ಯಾಟರಿ ಬೇಕು: ಎಡ ಏಲೆರಾನ್ (ರೆಕ್ಕೆಯ ಅಂಚಿನ ಆಡುವ ಫಲಕ) ಮತ್ತು ಎಡ ಎಲಿವೇಟರ್ (ಬಾಲದ ಅಡ್ಡ ಫಲಕ) ಒಂದಕ್ಕೆ, ಬಲದವು ಇನ್ನೊಂದಕ್ಕೆ. ಒಂದು ಕಡೆಯದು ಪೂರ್ತಿ ಸತ್ತರೂ ಉಳಿದರ್ಧದಲ್ಲಿ ವಿಮಾನವನ್ನು ಬೈಲಿಗೆ ತರುವ ಅವಕಾಶ ಇರುತ್ತದೆ.