ಎಲೆಲೈಸೊ: ಕ್ಯಾರೆಟ್ ಜೀವಕೋಶಗಳಿಂದ ಬಂದ ಔಷಧದ ವಿಮರ್ಶೆ

ಟೈಪ್-1 ಗೋಷೇ ಕಾಯಿಲೆಗೆ ಕೊಡುವ ಎಲೆಲೈಸೊ, ಸಸ್ಯಕೋಶಗಳಲ್ಲಿ ತಯಾರಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ಮೊದಲ ಪ್ರೋಟೀನ್ ಔಷಧ. ಇಸ್ರೇಲಿನ ಪ್ರೊಟಾಲಿಕ್ಸ್ ಕಂಪನಿಯ ಈ ಔಷಧಕ್ಕೆ ಒಪ್ಪಿಗೆ ದೊರೆತದ್ದು 2012ರ ಮೇ ತಿಂಗಳಲ್ಲಿ.

ಈ ಕಾಯಿಲೆಯಲ್ಲಿ ಒಂದು ಕಿಣ್ವದ ಕೊರತೆಯಿಂದ, ದೇಹದ ಕಸವನ್ನು ನುಂಗಿ ಅರಗಿಸುವ ಮ್ಯಾಕ್ರೋಫೇಜ್ ಕೋಶಗಳಲ್ಲಿ ಕೊಬ್ಬಿನಂಶ ಶೇಖರವಾಗಿ ಗುಲ್ಮ ಮತ್ತು ಯಕೃತ್ತು ಊದಿಕೊಳ್ಳುತ್ತವೆ, ರಕ್ತಹೀನತೆ ಕಾಡುತ್ತದೆ, ಮೂಳೆಗಳು ನೋಯುತ್ತವೆ. ಎಲೆಲೈಸೊದಂಥ ಔಷಧ ಆ ಕಿಣ್ವವನ್ನೇ ಹೊರಗಿನಿಂದ ಒದಗಿಸುತ್ತದೆ. ಹೀಗೆ ಕೊಟ್ಟ ಕಿಣ್ವವನ್ನು ಮ್ಯಾಕ್ರೋಫೇಜ್‌ಗಳು ಒಳಗೆ ಸೇರಿಸಿಕೊಳ್ಳಬೇಕಾದರೆ ಅದಕ್ಕೆ ಅಂಟಿದ ಸಕ್ಕರೆ ಸರಪಳಿಗಳ ತುದಿಯಲ್ಲಿ ಮ್ಯಾನೋಸ್ ಎಂಬ ಸಕ್ಕರೆ ತೆರೆದುಕೊಂಡಿರಬೇಕು. ಹ್ಯಾಮ್‌ಸ್ಟರ್ ಕೋಶಗಳಲ್ಲಿ ತಯಾರಾಗುವ ಹಳೆಯ ಔಷಧದಲ್ಲಿ ಇದಕ್ಕಾಗಿ ಹೊರಗಿನ ಸಕ್ಕರೆಗಳನ್ನು ಆಮೇಲೆ ಬೇರೆ ಕಿಣ್ವಗಳಿಂದ ಕತ್ತರಿಸಬೇಕಾಗುತ್ತದೆ. ಕ್ಯಾರೆಟ್ ಕೋಶವಾದರೋ ಕಿಣ್ವವನ್ನು ತನ್ನ ರಸದಾನಿಗೆ (ಕೋಶದೊಳಗಿನ ದ್ರವ ತುಂಬಿದ ಚೀಲಕ್ಕೆ) ಕಳುಹಿಸಿ ಆ ಕೆಲಸವನ್ನು ತಾನೇ ಮುಗಿಸುತ್ತದೆ. ಈ ಔಷಧದಲ್ಲಿ ನಾನು ಅತ್ಯಂತ ಮೆಚ್ಚುವ ಅಂಶ ಇದೇ.

ಕೋಶಗಳು ಬೆಳೆಯುವುದು ಉಕ್ಕಿನ ಟ್ಯಾಂಕುಗಳಲ್ಲಲ್ಲ. ಗಾಳಿಯ ಗುಳ್ಳೆಗಳು ಕಲಕುವ, ಬಳಸಿ ಬಿಸಾಡಬಹುದಾದ ಪ್ಲಾಸ್ಟಿಕ್ ಚೀಲದ ಬಯೋರಿಯಾಕ್ಟರ್‌ಗಳಲ್ಲಿ. ಪೋಷಕ ದ್ರವದಲ್ಲಿ ಪ್ರಾಣಿಮೂಲದ ಯಾವ ವಸ್ತುವೂ ಇರುವುದಿಲ್ಲ, ಸಸ್ಯಕೋಶದಲ್ಲಿ ಪ್ರಾಣಿಗಳ ವೈರಸ್ ಬೆಳೆಯುವುದೂ ಇಲ್ಲ. 2009ರಲ್ಲಿ ಹಳೆಯ ಔಷಧದ ಕಾರ್ಖಾನೆಯಲ್ಲಿ ಕೋಶಗಳಿಗೆ ವೈರಸ್ ತಗುಲಿ, ಪೂರೈಕೆ ಕುಸಿದು, ರೋಗಿಗಳು ಪ್ರಮಾಣ ತಗ್ಗಿಸಿಕೊಳ್ಳಬೇಕಾಗಿ ಬಂದದ್ದನ್ನು ನೆನೆದರೆ, ಈ ಗುಣದ ಬೆಲೆ ಅರ್ಥವಾಗುತ್ತದೆ.

ಪರಿಣಾಮವೂ ಗಟ್ಟಿಯಾಗಿದೆ: ಪ್ರಮುಖ ಪರೀಕ್ಷೆಯಲ್ಲಿ ಕಿಲೋ ತೂಕಕ್ಕೆ 60 ಯೂನಿಟ್ ಪಡೆದವರ ಗುಲ್ಮದ ಗಾತ್ರ ಒಂಬತ್ತು ತಿಂಗಳಲ್ಲಿ ಸರಾಸರಿ ಶೇ 38ರಷ್ಟು ಇಳಿಯಿತು. ಆದರೆ ಇದು ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುವ ಔಷಧವಲ್ಲ. ಎರಡು ವಾರಕ್ಕೊಮ್ಮೆ ಒಂದೆರಡು ಗಂಟೆ ಡ್ರಿಪ್ ಹಾಕಿಸಿಕೊಳ್ಳುತ್ತಲೇ ಇರಬೇಕು, ತೀವ್ರ ಅಲರ್ಜಿಯ ಅಪಾಯವಿರುವುದರಿಂದ ವೈದ್ಯರ ನಿಗಾ ಬೇಕು. ಮಿದುಳಿಗೆ ಕಿಣ್ವ ತಲುಪುವುದಿಲ್ಲವಾದ್ದರಿಂದ ಕಾಯಿಲೆಯ ನರಸಂಬಂಧಿ ಬಗೆಗಳಲ್ಲಿ ಮಿದುಳಿನ ತೊಂದರೆಗೆ ಇದರಿಂದ ಪರಿಹಾರವಿಲ್ಲ.

ಯುರೋಪಿನಲ್ಲಿ ಇದರ ಪ್ರಯೋಜನವನ್ನು ತಜ್ಞರು ಒಪ್ಪಿಕೊಂಡರೂ, ಇನ್ನೊಂದು ಔಷಧಕ್ಕೆ ಹತ್ತು ವರ್ಷಗಳ ಏಕಸ್ವಾಮ್ಯದ ಮಾರುಕಟ್ಟೆ ಹಕ್ಕು ಇದ್ದ ಕಾರಣದಿಂದಲೇ 2012ರಲ್ಲಿ ಅನುಮತಿ ನಿರಾಕರಿಸಲಾಯಿತು. ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ನಮ್ಮಲ್ಲಿ ಗೋಷೇ ರೋಗಿಗಳಿಗೆ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗರಿಷ್ಠ 50 ಲಕ್ಷ ರೂಪಾಯಿ ನೆರವು ದೊರೆಯುತ್ತದೆ. ಕಿಣ್ವದ ಪ್ರಮಾಣ ದೇಹದ ತೂಕವನ್ನು ಅವಲಂಬಿಸಿರುವುದರಿಂದ ಮಗು ಬೆಳೆದಂತೆಲ್ಲ ಖರ್ಚೂ ಬೆಳೆಯುತ್ತದೆ, ನೆರವಿನ ಮಿತಿ ಮಾತ್ರ ಇದ್ದಲ್ಲೇ ಇರುತ್ತದೆ.