ಬಟ್ಟೆ ಮುಚ್ಚುವ ಮೊದಲು ರೆಕ್ಕೆಯ ಒಳಗೆ ನೋಡಿ: ನನಗೆ ಆದ ಮೋಸ ನಿಮಗೆ ಆಗಬಾರದು

ಬಟ್ಟೆ ಹೊದಿಸಿದ ಹಳೇ ವಿಮಾನ ಇಟ್ಟುಕೊಂಡವರು, ತಗೊಳ್ಳಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬಲ ರೆಕ್ಕೆಗೆ 9 ಹೊಸ ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಚೌಕಟ್ಟು) ಹಾಕಿದ್ದೇನೆ ಅಂತ ಬಿಲ್ ಮಾಡಿ ದುಡ್ಡು ತಗೊಂಡವನು ಹಾಕಿದ್ದು 3. ಉಳಿದ 6 ಹಳೆಯವೇ. ಅವಕ್ಕೆ ಬಣ್ಣ ಬಳಿದು, ಮೇಲೆ ಬಟ್ಟೆ ಮುಚ್ಚಿ ಕೊಟ್ಟ. ಅದೇ ರೆಕ್ಕೆ ನಂಬಿಕೊಂಡು ನಾನು 11 ಗಂಟೆ ಹಾರಿದ್ದೇನೆ. ಅದರಲ್ಲಿ 2 ಗಂಟೆ ಹಿಂದಿನ ಸೀಟಿನಲ್ಲಿ ನನ್ನ ಮಗಳು ಕೂತಿದ್ದಳು. ಅವಳಿಗೆ 9 ವರ್ಷ.

ನಾನಿರುವುದು ಅಮೆರಿಕದ ಒಹಾಯೋದಲ್ಲಿ. ವಿಮಾನ 1946ರ ಏರೋಂಕಾ ಚಾಂಪ್. 65 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಇದೇ ರಾಜ್ಯದ ಮಿಡಲ್‌ಟೌನ್‌ನಲ್ಲಿ ತಯಾರಾದದ್ದು. ಚಿಕ್ಕಂದಿನಲ್ಲಿ ನಮ್ಮ ಮನೆ ಜಕ್ಕೂರಿನ ಹತ್ತಿರ ಇತ್ತು. ಎಚ್‌ಎಎಲ್‌ನವರು ಬೆಂಗಳೂರಿನಲ್ಲಿ ಕಟ್ಟಿದ ಪುಷ್ಪಕ್ ತಲೆ ಮೇಲೆ ಹೋದರೆ ಊಟ ಬಿಟ್ಟು ಹೊರಗೆ ಓಡುತ್ತಿದ್ದೆ. ಪುಷ್ಪಕ್ ನೋಡಿದವರಿಗೆ ಗೊತ್ತು, ಏರೋಂಕಾ ಕಂಪನಿಯದೇ ಚೀಫ್ ಅನ್ನುವ ವಿಮಾನದ ತದ್ರೂಪು ಅದು. ಹಾಗಾಗಿ ಇಲ್ಲಿ ಏರೋಂಕಾ ಮಾರಾಟಕ್ಕಿದೆ ಅಂದಾಗ ಮನಸ್ಸು ತಡೆಯಲಿಲ್ಲ. 6 ವರ್ಷದಿಂದ ಮಗುವಿನ ಹಾಗೆ ನೋಡಿಕೊಂಡು ಬಂದಿದ್ದೆ.

ಹೋದ ವರ್ಷದ ವಾರ್ಷಿಕ ತಪಾಸಣೆಯಲ್ಲಿ ಬಲ ರೆಕ್ಕೆಯೊಳಗೆ ಇಲಿ ಗೂಡು ಸಿಕ್ಕಿತು. ಚಾಂಪ್‌ನ ರಿಬ್ ಅಂದರೆ ತೆಳು ಅಲ್ಯುಮಿನಿಯಂ ತಗಡನ್ನು ಅಚ್ಚೊತ್ತಿ ಮಾಡಿದ್ದು. ಅದನ್ನು ಮರದ ಸ್ಪಾರ್‌ಗೆ, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆಗೆ, ಸಣ್ಣ ಮೊಳೆಗಳಿಂದ ಹೊಡೆದಿರುತ್ತಾರೆ. ಇಲಿ ಉಚ್ಚೆ ಬಿದ್ದರೆ ಆ ತಗಡು ತಿಂದುಹೋಗುತ್ತದೆ. 9 ರಿಬ್ ಬದಲಾಯಿಸಲೇಬೇಕು ಅಂತಾಯ್ತು. ಬಟ್ಟೆ ಕೆಲಸಕ್ಕೆ ಹೆಸರಾದ ಒಬ್ಬರು ಪಕ್ಕದ ರಾಜ್ಯದಲ್ಲಿದ್ದಾರೆ ಅಂತ ಇಬ್ಬರು ಹೇಳಿದರು. ರೆಕ್ಕೆ ಬಿಚ್ಚಿ, ಟ್ರೇಲರ್ ಮೇಲೆ ಹಾಕಿಕೊಂಡು ಹೋಗಿ ಕೊಟ್ಟು ಬಂದೆ. ಆಗ 'ಅವರು' ಅಂತಿದ್ದೆ. ಈಗ ಆ ಮಾತು ಬಾಯಿಗೆ ಬರುತ್ತಿಲ್ಲ.

ರಿಬ್, ಬಟ್ಟೆ, ಬಣ್ಣ, ಕೂಲಿ ಎಲ್ಲ ಸೇರಿ 11,500 ಡಾಲರ್ ಅಂದ. ನಾನು ಒಂದು ಡಾಲರ್ ಕೂಡ ಚೌಕಾಶಿ ಮಾಡಲಿಲ್ಲ. ಅರ್ಧ ಮುಂಗಡ ಕೊಟ್ಟೆ. ಕೇಳಿದ್ದು ಎರಡೇ. ಬಟ್ಟೆ ಹಾಕುವ ಮೊದಲು ಫೋನ್ ಮಾಡಿ, ಬಂದು ನೋಡ್ತೀನಿ. ಬಿಚ್ಚಿದ ಹಳೇ ರಿಬ್ ನನಗೆ ವಾಪಸ್ ಕೊಡಿ. ಇದೇನು ದೊಡ್ಡ ಬೇಡಿಕೆ ಅಲ್ಲ ಅಲ್ವಾ? ನಮ್ಮ ಅಪ್ಪ ಜೆ.ಸಿ. ರೋಡಿನಲ್ಲಿ ಸ್ಕೂಟರ್ ರಿಪೇರಿಗೆ ಬಿಟ್ಟರೂ ಹಳೇ ಪಾರ್ಟ್ ಕೈಗೆ ಬರುವ ತನಕ ಜೇಬಿಗೆ ಕೈ ಹಾಕುತ್ತಿರಲಿಲ್ಲ. ಎರಡಕ್ಕೂ 'ಖಂಡಿತ' ಅಂದ.

ಮೂರು ವಾರ ಬಿಟ್ಟು ಒಮ್ಮೆ ಹೋದೆ. ರೆಕ್ಕೆ ಸ್ಟ್ಯಾಂಡ್ ಮೇಲಿತ್ತು. ಬುಡದ ಕಡೆ 3 ಹೊಸ ರಿಬ್ ಫಳಫಳ ಹೊಳೆಯುತ್ತಿದ್ದವು. ಅವನ್ನೇ ಮುಟ್ಟಿ ಮುಟ್ಟಿ ತೋರಿಸಿದ. ಉಳಿದವು ಬರುತ್ತಿವೆ, ಆರ್ಡರ್ ಆಗಿದೆ ಅಂದ. ನಾನು ಫೋಟೋ ತೆಗೆದುಕೊಂಡು ಖುಷಿಯಾಗಿ ಮನೆಗೆ ಬಂದೆ. ಅಲ್ಲೇ ನಾನು ಎಡವಿದ್ದು. ಆರ್ಡರ್ ಮಾಡಿದ ಚೀಟಿ ತೋರಿಸಿ ಅಂತ ಒಂದು ಮಾತು ಕೇಳಲಿಲ್ಲ.

ಆಮೇಲೆ ಒಂದು ಶನಿವಾರ ಫೋನ್. 'ಬಟ್ಟೆ ಹಾಕಿ ಆಯ್ತು.' ನೋಡೋಕೆ ಕರೀತೀನಿ ಅಂದಿದ್ದಿರಲ್ಲ ಅಂದೆ. 'ಮಳೆ ಬರೋದಿತ್ತು. ಗಾಳಿಯಲ್ಲಿ ತೇವ ಇದ್ದರೆ ಡೋಪ್ ಬೆಳ್ಳಗೆ ತಿರುಗುತ್ತೆ, ನಿಮಗೇ ಗೊತ್ತಲ್ಲ.' ಡೋಪ್ ಅಂದರೆ ಬಟ್ಟೆಗೆ ಬಳಿಯುವ ಲೇಪ. ಹೌದು, ಗೊತ್ತು. ಆ ಮಾತು ನಿಜವೇ. ಅದಕ್ಕೇ ನಂಬಿದೆ. ನಿಜವಾದ ಒಂದು ಮಾತು ಮುಂದಿಟ್ಟು ಸುಳ್ಳನ್ನು ಮುಚ್ಚಿಬಿಟ್ಟ. ಹಳೇ ರಿಬ್? 'ಗುಜರಿಗೆ ಹಾಕಿಬಿಟ್ಟೆ.' ನನ್ನ ಹೆಂಡತಿ ಅವತ್ತೇ ಅಂದಳು, 'ಏನ್ರೀ, ಕೇಳಿದ್ದು ಎರಡು, ಎರಡೂ ಮಾಡಿಲ್ಲವಲ್ಲ.' ನಾನು ಅವಳಿಗೇ ಸಮಾಧಾನ ಹೇಳಿದೆ. 350 ಡಾಲರ್ ಬಾಕಿ ಇಟ್ಟು ಉಳಿದದ್ದೆಲ್ಲ ಕೊಟ್ಟು ರೆಕ್ಕೆ ತಂದೆ. ಮೇಲಿಂದ ನೋಡಲು ಬಹಳ ಚೆನ್ನಾಗಿತ್ತು. ಕೈಯಾಡಿಸಿದರೆ ಹೊಸ ಸೀರೆಯ ಹಾಗೆ ನುಣುಪು.

11 ಗಂಟೆ ಹಾರಿದ ಮೇಲೆ ಒಂದು ಬೆಳಿಗ್ಗೆ ರೆಕ್ಕೆಯ ಕೆಳಗೆ ಮಲಗಿ ಒರೆಸುತ್ತಿದ್ದೆ. ರಿಬ್‌ಗೆ ಬಟ್ಟೆ ಹೊಲಿದ ಗಂಟುಗಳ ಸಾಲು ನೇರವಾಗಿರಬೇಕು. ಒಂದು ಸಾಲು ನಡುವಿನಲ್ಲಿ ಪಕ್ಕಕ್ಕೆ ಬಾಗಿತ್ತು. ಎರಡು ಬೆರಳಿನಷ್ಟು. ಎದೆ ಧಸಕ್ ಅಂತು. ಪಾಲಿಯೆಸ್ಟರ್ ಬಟ್ಟೆಯನ್ನು ಇಸ್ತ್ರಿ ಹಾಕಿ ಬಿಗಿ ಮಾಡುವಾಗ ಅದು ರಿಬ್‌ಗಳನ್ನು ಎಳೆಯುತ್ತದೆ. ಅದಕ್ಕೇ ಮೊದಲು ಪಟ್ಟಿಯೊಂದನ್ನು ಒಂದು ರಿಬ್‌ನ ಮೇಲೆ, ಇನ್ನೊಂದರ ಕೆಳಗೆ ಹೆಣೆದು ಕಟ್ಟುತ್ತಾರೆ. ಹಾಗೆ ಕಟ್ಟಿದ್ದರೆ, ರಿಬ್ ಗಟ್ಟಿ ಇದ್ದಿದ್ದರೆ, ಈ ಥರ ಬಾಗುವುದಿಲ್ಲ.

ನಮ್ಮ ಏರ್‌ಪೋರ್ಟಿನ ತಪಾಸಣೆಯವರನ್ನು ಕರೆದೆ. ನೋಡುಕಿಂಡಿಯಿಂದ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟರು. ಫೋನ್ ಪರದೆಯಲ್ಲಿ ಮೊದಲು ಹಸಿರು ಪ್ರೈಮರ್ ಕಾಣಿಸಿತು. ಆ ಹಸಿರಿನ ಕೆಳಗೆ ಸಿಡುಬಿನ ಕಲೆಯಂಥ ಗುಂಡಿಗಳು. ಇಲಿ ಉಚ್ಚೆ ತಿಂದ ಗುಂಡಿಗಳೇ, ತೊಳೆದೂ ಇರಲಿಲ್ಲ. ಒಂದು ರಿಬ್‌ನ ಮೂತಿ ಮುರಿದಿತ್ತು, ಅದಕ್ಕೆ ಚೂರು ತಗಡು ಇಟ್ಟು ಪಾಪ್ ರಿವೆಟ್ ಹೊಡೆದಿದ್ದ. ಇನ್ನೊಂದರಲ್ಲಿ ಹಳೇ ಮೊಳೆಯ ತೂತು ಖಾಲಿ, ಅದರ ಪಕ್ಕದಲ್ಲೇ ಹೊಸ ಮೊಳೆ. ತೂತು ಕೊರೆಯದೇ ಸುಮ್ನೆ ಸುತ್ತಿಗೆಯಲ್ಲಿ ಹೊಡೆದದ್ದು. ಆ ಮೊಳೆಯಿಂದ ಸ್ಪಾರ್‌ನ ಮರ ಉದ್ದಕ್ಕೆ ಸೀಳಿತ್ತು. ಕೂದಲಿನಷ್ಟು ಸಣ್ಣ ಗೆರೆ, ಆದರೆ ಸೀಳು ಸೀಳೇ.

ಅವರು ಕ್ಯಾಮೆರಾ ಹೊರಗೆ ತೆಗೆದು, 'ಇದು ಇನ್ನು ಹಾರುವ ಹಾಗಿಲ್ಲ' ಅಂದರು. ಈ ವಿಮಾನಗಳ ಮರದ ಸ್ಪಾರ್‌ನಲ್ಲಿ ಬಿರುಕು, ಸಡಿಲವಾದ ಅಥವಾ ಕಳಚಿದ ಮೊಳೆ ಹುಡುಕಬೇಕು ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಆದೇಶವೇ ಇದೆ. ಬಟ್ಟೆ ಕೆಲಸದವನಿಗೆ ಅದು ಗೊತ್ತಿಲ್ಲದೇ ಇರುತ್ತಾ? ಗೊತ್ತಿದ್ದೂ ಮೊಳೆ ಹೊಡೆದ. ಗೊತ್ತಿದ್ದೂ ಮುಚ್ಚಿದ.

ಫೋಟೋ ಕಳಿಸಿದೆ. ಬಂದ ಉತ್ತರಗಳನ್ನು ಹಾಗೇ ಕನ್ನಡದಲ್ಲಿ ಬರೀತೀನಿ.

ಮೊದಲನೆಯದು: 'ಫೋಟೋ ಸ್ಪಷ್ಟವಾಗಿಲ್ಲ.'

ಸ್ಪಷ್ಟವಾದದ್ದು ಕಳಿಸಿದೆ. 'ಹಳೇ ರಿಬ್ ಹೊಸದಕ್ಕಿಂತ ಗಟ್ಟಿ. ನಿಮಗೆ ಒಳ್ಳೆಯದನ್ನೇ ಮಾಡಿದ್ದೇನೆ.'

ಹಾಗಾದರೆ 9 ಹೊಸ ರಿಬ್‌ಗೆ ದುಡ್ಡು ಯಾಕೆ ತಗೊಂಡಿರಿ ಅಂದೆ. ಎರಡು ದಿನ ಉತ್ತರ ಇಲ್ಲ. ಆಮೇಲೆ, 'ನಿಮ್ಮ ದೇಶದವರು ದುಡ್ಡಿನ ವಿಷಯದಲ್ಲಿ ಯಾವಾಗಲೂ ಹೀಗೇ.' ಕೇಳಿದಷ್ಟು ಕೊಟ್ಟವನಿಗೆ ಈ ಮಾತು.

ಕೊನೆಯದು: 'ಲಾಗ್‌ಬುಕ್ ಓದಿ. ನಾನು ಏನು ಬರೆದು ಸಹಿ ಹಾಕಿದ್ದೇನೋ ಅದಕ್ಕೆ ಮಾತ್ರ ನಾನು ಜವಾಬ್ದಾರ.'

ರಾತ್ರಿ ಅಡುಗೆಮನೆ ಮೇಜಿನ ಮೇಲೆ ಬಿಲ್ ಮತ್ತು ವಿಮಾನಕ್ಕೆ ಮಾಡಿದ ಕೆಲಸವೆಲ್ಲ ಬರೆದಿಡುವ ಲಾಗ್‌ಬುಕ್ ಪಕ್ಕಪಕ್ಕ ಇಟ್ಟೆ. ಬಿಲ್‌ನಲ್ಲಿ '9 ರಿಬ್ ಬದಲಾಯಿಸಿದೆ'. ಲಾಗ್‌ಬುಕ್‌ನಲ್ಲಿ 'ಬಲ ರೆಕ್ಕೆಯ ರಿಬ್‌ಗಳನ್ನು ಅಗತ್ಯವಿದ್ದಷ್ಟು ರಿಪೇರಿ ಮಾಡಿದೆ'. ದೊಡ್ಡ ರಿಪೇರಿ ಆದಾಗ ಎಫ್‌ಎಎಗೆ ಹೋಗುವ 337 ಫಾರಂನಲ್ಲಿ ಬಟ್ಟೆಯ ಮಾತು ಬಿಟ್ಟು ಬೇರೇನೂ ಇಲ್ಲ. ನನ್ನ ಹೊಟ್ಟೆ ಉರಿದದ್ದು ಆಗ. ಅವಸರದಲ್ಲಿ ಆದ ತಪ್ಪಲ್ಲ ಇದು. ತನ್ನ ಲೈಸೆನ್ಸಿಗೆ ಕುತ್ತು ಬರುವ ಕಾಗದದಲ್ಲಿ ತೂಕ ಮಾಡಿ ಪದ ಇಟ್ಟಿದ್ದಾನೆ. ನನ್ನ ದುಡ್ಡು ಬರುವ ಕಾಗದದಲ್ಲಿ ಬಾಯಿಗೆ ಬಂದದ್ದು ಬರೆದಿದ್ದಾನೆ. ಎರಡೂ ಕಾಗದ ನನ್ನ ಮನೆಯಲ್ಲೇ ನಾಲ್ಕು ತಿಂಗಳು ಇದ್ದವು. ಒಮ್ಮೆಯೂ ಒಟ್ಟಿಗೆ ಓದಲಿಲ್ಲ. ನಾಚಿಕೆ ಆಗುತ್ತದೆ. ಮಗಳ ಮುಖ ನೋಡಲು ಅವತ್ತು ಆಗಲಿಲ್ಲ.

ರಿಬ್ ರಿಪೇರಿ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಮಾಡಿ, ಮಾಡಿದ್ದನ್ನು ಬರೆದು, ರಿಪೇರಿಯ ದುಡ್ಡು ತಗೊಂಡಿದ್ದರೆ ಕೈ ಮುಗಿದು ಕೊಡುತ್ತಿದ್ದೆ.

ಹೆಸರು ಇಲ್ಲಿ ಹಾಕುತ್ತಿಲ್ಲ. ಎಫ್‌ಎಎಗೆ ದೂರು ಕೊಟ್ಟಿದ್ದೇನೆ, ಅದು ನಡೀತಿದೆ. ನೀವು ಮಾತ್ರ ಹುಷಾರಾಗಿರಿ. ಬಟ್ಟೆ ಹಾಕುವ ಮೊದಲು ಒಳಗೆ ನೋಡದೇ ಬಾಕಿ ಹಣ ಕೊಡಬೇಡಿ, ಮಳೆ ಬರಲಿ ಬಿಸಿಲು ಬರಲಿ. ಪ್ರತಿ ರಿಬ್‌ನ ಫೋಟೋ ತೆಗೆಯಿರಿ. ರಿಬ್ ಎಲ್ಲಿಂದ ಬಂತು ಅನ್ನುವ ಕಾಗದ ಕೇಳಿ. ಹಳೆಯದನ್ನು ಕೈಯಲ್ಲಿ ಇಸ್ಕೊಳ್ಳಿ. ಬಿಲ್ ಮತ್ತು ಲಾಗ್‌ಬುಕ್ ಅವರ ಎದುರಿಗೇ ಓದಿ. ಬೇಜಾರು ಮಾಡಿಕೊಳ್ಳುತ್ತಾರೆ ಅಂದರೆ ಮಾಡಿಕೊಳ್ಳಲಿ.

ಹೋದ ವಾರ ಆ ಹೊಸ ಬಟ್ಟೆಯನ್ನು ನಾನೇ ಬ್ಲೇಡಿನಲ್ಲಿ ಕತ್ತರಿಸಿದೆ. ಮುಂದಿನ ಸ್ಪಾರ್ ಪೂರ್ತಿ ಬದಲಾಯಿಸಬೇಕಂತೆ. ಆ 6 ಹಸಿರು ರಿಬ್ ಗ್ಯಾರೇಜಿನ ಗೋಡೆಗೆ ಒರಗಿಸಿ ಇಟ್ಟಿದ್ದೇನೆ, ದೂರಿಗೆ ಸಾಕ್ಷಿ ಬೇಕು. ಮೊನ್ನೆ ಅವನಿಂದ ಮತ್ತೆ ಮೆಸೇಜ್ ಬಂತು. ಬಾಕಿ 350 ಡಾಲರ್ ಯಾವಾಗ ಕಳಿಸ್ತೀರಿ ಅಂತ.